ಆಚೆ ಸರೋವರದ ಮೀನು

ಸೌಟಿನ ಅಂಚಿಗೆ ಸಬ್ಬಸಿಗೆಯ ಒಂದು ಎಳೆ ಅಂಟಿಕೊಂಡಿದೆ, ಎಷ್ಟು ಬಡಿದರೂ ಬೀಳುತ್ತಿಲ್ಲ, ಹಂಡೆಯಿಂದ ಏಳುವ ಹಬೆ ಕನ್ನಡಕಕ್ಕೆ ಕವಿದು ಎದುರಿನ ಸಾಲು ಬರೀ ಬಣ್ಣಗಳಾಗಿ ಕರಗುತ್ತದೆ, ಕೆಂಪು ಜಾಕೆಟ್ಟು, ನೀಲಿ ಟೊಪ್ಪಿಗೆ, ಇರಲಿ ಹಾಗೇ, ಮುಖಗಳು ಕಾಣದಿದ್ದರೇ ವಾಸಿ ಎಂದುಕೊಂಡಳು ಹಿಲ್ಲೆವಿ, ಇನ್ನೊಂದು ಬಟ್ಟಲು, ಇನ್ನೊಂದು ಸೌಟು, ಆಲೂಗಡ್ಡೆ ಬರಬೇಕೆಂದರೆ ತಳದಿಂದ ಮೊಗೆಯಬೇಕು — ತಳ, ತಳದ ಮಾತು ಈಗ ಬೇಡ, ಇವತ್ತು ಕಾರ್ಖಾನೆಯ ಬೇಸಿಗೆ ಹಬ್ಬ, ಬದಿ ತೆರೆದ ಡೇರೆಯೊಳಗೂ ಬಿಸಿಲು, ಕುಯ್ಕಲಾಹ್ತಿ ಊರಿಗೆ ಊರೇ ಬಂದಿದೆ, ಪರಿಸರ ವಿಭಾಗದ ಮುಖ್ಯಸ್ಥೆ ತನ್ನ ಕೈಯಾರೆ ಮೀನಿನ ಸಾರು ಬಡಿಸಿದರೆ ಚೆನ್ನಾಗಿ ಕಾಣುತ್ತದೆ ಎಂದು ನಿರ್ದೇಶಕ ಲಸ್ಸೆಯೇ ಅವಳಿಗೆ ಏಪ್ರನ್ ಕಟ್ಟಿದ್ದ, ಎದೆಯ ಮೇಲೆ ಹಸಿರು ಅಕ್ಷರಗಳು, ನಮ್ಮ ಸರೋವರ ನಮ್ಮ ನಾಳೆ, ದಾರ ಸ್ವಲ್ಪ ಬಿಗಿ, ಉಸಿರೆಳೆದಾಗಲೆಲ್ಲ ಒತ್ತುತ್ತದೆ. ಬೆಳಿಗ್ಗೆ ಲಾರಿಯ ಹಿಂಬಾಗಿಲು ತೆರೆದಾಗ ಅವಳು ಅಲ್ಲೇ ನಿಂತಿದ್ದಳು, ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿದ್ದ ಬಿಳಿ ಮೀನುಗಳು, ಹೊಳೆಯುವ ಕಣ್ಣು, ಗುಡ್ಡದಾಚೆಯ ದೊಡ್ಡ ಸರೋವರದ್ದು, ನಮ್ಮದರಲ್ಲಿ ಸಿಗಲಿಲ್ಲವಾ ಎಂದು ಗೊತ್ತಿದ್ದೂ ಕೇಳಿದ್ದಳು, ಲಸ್ಸೆ ನಕ್ಕಿದ್ದ, ಅಯ್ಯೋ ಹಿಲ್ಲೆವಿ, ಮೀನು ಮೀನೇ ಅಲ್ವಾ, ಸಾರಲ್ಲಿ ಬೆಂದ್ಮೇಲೆ ನಿಂದು ಯಾವ ಸರೋವರ ಅಂತ ಯಾರು ಕೇಳ್ತಾರೆ, ಯಾರಾದ್ರೂ ಕೇಳಿದ್ರೆ ನಗ್ತಾ ಇನ್ನೊಂದು ಸೌಟು ಹಾಕು. ಅವಳೂ ನಕ್ಕಳು. ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ, ಯಾಕೆ ನಕ್ಕೆ, ಯಾರೂ ಬಲವಂತ ಮಾಡಿರಲಿಲ್ಲ, ನಗು ತಾನಾಗೇ ಬಂತು, ಅಭ್ಯಾಸವಾಗಿಬಿಟ್ಟಿದೆ.

ಇದೆಲ್ಲ ಕೆಟ್ಟದ್ದೇ ಅಂತೇನಿಲ್ಲವಲ್ಲ, ಇಲ್ಲ, ಖಂಡಿತ ಇಲ್ಲ, ಕಾಗದದ ಗಿರಣಿ ಮುಚ್ಚಿದ ಮೇಲೆ ಈ ಊರು ಹೇಗಿತ್ತು, ಶಾಲೆಗೆ ಬೀಗ, ಔಷಧದಂಗಡಿಗೆ ಬೀಗ, ಚಳಿಗಾಲದಲ್ಲಿ ದೀಪವಿಲ್ಲದ ಕಿಟಕಿಗಳು, ಆಮೇಲೆ ಈ ಕಾರ್ಖಾನೆ ಬಂತು, ಶಾಲೆಯ ಬೀಗ ತೆಗೆಯಿತು, ಅವಳ ಮಗಳು ಈಗ ಅಲ್ಲೇ ಓದುತ್ತಾಳೆ, ವಿದ್ಯುತ್ ಕಾರುಗಳ ಬ್ಯಾಟರಿಗೆ ಬೇಕಾದ ಪುಡಿ ಇಲ್ಲೇ ತಯಾರಾಗಿ ಎಲ್ಲೆಲ್ಲಿಗೋ ಹೋಗುತ್ತದೆ, ಯಾವುದೋ ಊರಿನ ರಸ್ತೆಯಲ್ಲಿ ಹೊಗೆ ಕಡಿಮೆಯಾಗುತ್ತದೆ, ಯಾವುದೋ ಮಗು ಕೆಮ್ಮದೆ ನಿದ್ದೆ ಮಾಡುತ್ತದೆ, ಸುಸ್ಥಿರ ಅಭಿವೃದ್ಧಿ ಎಂಬ ಮಾತನ್ನು ಅವಳು ನಾಟಕಕ್ಕೆ ಆಡುತ್ತಿರಲಿಲ್ಲ, ನಂಬಿಯೇ ಆಡುತ್ತಿದ್ದಳು, ಈಗಲೂ ಅರ್ಧ ನಂಬುತ್ತಾಳೆ — ಆದರೆ ಆ ಪುಡಿ ತೊಳೆದ ಉಪ್ಪುನೀರು ಕೊಳವೆಯಲ್ಲಿ ಸರೋವರದ ಕೊಲ್ಲಿಗೆ ಇಳಿಯುತ್ತದೆ, ಭಾರದ ನೀರು, ತಳಕ್ಕೆ ಹೋಗಿ ಕೂತುಬಿಡುತ್ತದೆ, ಮಂಜು ಕರಗಿದಾಗ ಸರೋವರ ಒಮ್ಮೆ ಮಗುಚಿಕೊಳ್ಳಬೇಕು, ಮೇಲಿನದು ಕೆಳಗೆ ಕೆಳಗಿನದು ಮೇಲೆ, ಅದೇ ಅದರ ಉಸಿರಾಟ, ಈ ವಸಂತದಲ್ಲಿ ಮಗುಚಲಿಲ್ಲ. ದೋಣಿಯಿಂದ ಉಪಕರಣ ಇಳಿಸಿ ನೋಡಿದವಳು ಅವಳೇ, ತಳದಲ್ಲಿ ಉಸಿರಿಲ್ಲ, ಮೇಲೆತ್ತಿದ ನೀರಿಗೆ ಕೊಳೆತ ಮೊಟ್ಟೆಯ ವಾಸನೆ, ಕೈ ತೊಳೆದರೂ ಹೋಗಲಿಲ್ಲ, ಲಸ್ಸೆಗೆ ಹೇಳಿದಳು, ಹೇಳಲಿಲ್ಲವೆಂದಲ್ಲ, ಒಂದು ವರ್ಷದ ಲೆಕ್ಕ ಹಿಡಿದು ಗಾಬರಿ ಯಾಕೆ, ಇನ್ನೊಂದು ವರ್ಷ ನೋಡೋಣ, ಕಾರ್ಖಾನೆ ವಿಸ್ತರಣೆ ಮುಗೀಲಿ, ಹೊಸ ಶುದ್ಧೀಕರಣ ಘಟಕಾನೂ ಅದರಲ್ಲೇ ಬರುತ್ತೆ ಎಂದ ಅವನು, ಅವಳು ಆಯ್ತು ಎಂದಳು, ಆಯ್ತು ಎನ್ನುವುದು ಎಷ್ಟು ಸಣ್ಣ ಮಾತು.

ಏನಮ್ಮಾ, ಹೊಗೆ ಜಾಸ್ತಿಯಾಯ್ತಾ, ಕಣ್ಣಲ್ಲಿ ನೀರು ಬರ್ತಿದೆ — ಕೆರ್ತು, ಶಾಲೆಯಲ್ಲಿ ಅವಳಿಗೆ ಭೂಗೋಳ ಕಲಿಸಿದವಳು, ಕಾರ್ಖಾನೆಗೆ ಮೊದಲಿಂದಲೂ ವಿರೋಧಿ, ಬಟ್ಟಲು ಒಡ್ಡಿ ನಿಂತಿದ್ದಾಳೆ, ಹಬೆ ಮೇಡಂ ಅಷ್ಟೇ, ಹಾಗಾದ್ರೆ ಸರಿ, ಸ್ವಲ್ಪ ಗಟ್ಟಿ ಹಾಕು, ಕಂಪನಿ ನೀರು ಕುಡಿದೂ ಕುಡಿದೂ ಸಾಕಾಗಿದೆ, ಹಿಂದಿನವರು ಕಿಸಕ್ಕೆಂದರು, ಹಿಲ್ಲೆವಿ ತಳದಿಂದ ಮೊಗೆದಳು. ಮತ್ತು ಕೆರ್ತುವಿನ ಹಿಂದೆ ಆ ನಡಿಗೆ, ಬಲಗಾಲು ಸ್ವಲ್ಪ ಎಳೆಯುವ ನಡಿಗೆ, ಕನ್ನಡಕ ಎಷ್ಟು ಮಂಜಾಗಿದ್ದರೂ ಗುರುತು ಸಿಗುತ್ತದೆ, ಓಸ್ಮೊ ಚಿಕ್ಕಪ್ಪ, ಅಪ್ಪನ ತಮ್ಮ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಾನೆ, ಯಾಕೆ ಬರಬೇಕಿತ್ತು, ಬರದೆ ಹೇಗಿರುತ್ತಾನೆ, ಮೀನುಗಾರರ ಸಂಘದ ಅಧ್ಯಕ್ಷ, ಊಟವಾದ ಮೇಲೆ ಇದೇ ಡೇರೆಯಲ್ಲಿ ಸಂಘದ ಸಭೆ, ವಿಸ್ತರಣೆಗೆ ಹಾಕಿದ ಆಕ್ಷೇಪಣೆ ಹಿಂದಕ್ಕೆ ತೆಗೆದುಕೊಳ್ಳಬೇಕೇ ಬೇಡವೇ, ಕೈ ಎತ್ತಿ ತೀರ್ಮಾನ, ಅದು ಹೋದರೆ ಕಂಪನಿಗೆ ಬೇರೆ ಅಡ್ಡಿಯಿಲ್ಲ. ಮೊದಲ ಸಲ ಕಾರ್ಖಾನೆಯ ಮಾತು ಬಂದಾಗ ಪುರಭವನದಲ್ಲಿ ಎಲ್ಲ ಬೇಡವೆಂದು ಕೂಗಾಡುತ್ತಿದ್ದರೆ ಎದ್ದು ನಿಂತವನು ಅವನೊಬ್ಬನೇ, ನಮ್ಮಣ್ಣನ ಮಗಳು ಆ ಕಂಪನಿಲೇ ಇದಾಳೆ, ನೀರಿಗೇನಾದ್ರೂ ಆದ್ರೆ ಮೊದಲು ಬಾಯಿ ಬಿಡೋಳು ಅವಳೇ, ಎಂದಿದ್ದ, ಅವತ್ತಿನಿಂದ ಕೆಲವರು ಅವನ ಸೌನಾಗೆ ಹಬೆಸ್ನಾನಕ್ಕೆ ಬರುವುದು ಬಿಟ್ಟರು, ಶನಿವಾರ ಒಬ್ಬನೇ ಕೂತು ಬೆವರುತ್ತಾನೆ, ಅವಳೆದುರು ಒಮ್ಮೆಯೂ ಅದನ್ನು ಆಡಿಲ್ಲ.

ಏನ್ ಮಗಳೇ, ಆಫೀಸು ಬಿಟ್ಟು ಅಡುಗೆ ಕೆಲಸಕ್ಕಿಳಿದ್ಯಾ ಎಂದು ನಕ್ಕ ಚಿಕ್ಕಪ್ಪ, ಬಟ್ಟಲಿಗೆ ಮೂಗು ತಂದು ವಾಸನೆ ಎಳೆದ, ಆಹಾ, ಮೀನು ನಮ್ಮ ಸರೋವರದ್ದೇನಾ, ಅವನ ಹಿಂದೆ ಸಾಲಿನಲ್ಲಿದ್ದ ಸಂಘದವರೆಲ್ಲ ಅವಳ ಕಡೆ ಕತ್ತು ಚಾಚಿದರು, ಅಥವಾ ಅವಳಿಗೆ ಹಾಗನ್ನಿಸಿತು, ಕೆರ್ತು ಕೂಡ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಿರುಗಿದ್ದಳು, ಆಚೆ ಮೇಜಿನ ಬಳಿ ಲಸ್ಸೆ ಕಾಫಿ ಲೋಟ ಹಿಡಿದು ನಿಂತಿದ್ದ, ಇಲ್ಲ ಚಿಕ್ಕಪ್ಪ ಅನ್ನಬೇಕು, ನಾಲಗೆಯ ತುದಿಯಲ್ಲೇ ಇತ್ತು, ಇಲ್ಲ, ಎರಡೇ ಅಕ್ಷರ, ಶಾಲೆಯ ಗಂಟೆ, ಮಗಳ ತರಗತಿ, ಲಸ್ಸೆಯ ನಗು, ಹೂಂ ಚಿಕ್ಕಪ್ಪ, ನಮ್ಮದೇ — ಅಂದವರು ಯಾರು, ಅವಳ ದನಿಯೇ, ಮೇಲಾಗಿ ಇನ್ನೊಂದು ಸೌಟು ಸುರಿದಳು, ಲಸ್ಸೆ ಹೇಳಿದ ಹಾಗೇ, ನಗುತ್ತಾ. ಚಿಕ್ಕಪ್ಪನ ಮುಖ ಅರಳಿತು, ಹಿಂದೆ ತಿರುಗಿ, ಕೇಳಿದ್ರೇನ್ರೋ, ನಮ್ಮದೇ ಅಂತೆ, ನೀರಲ್ಲಿ ಮೀನಿದೆ, ಬಲೆ ಖಾಲಿ ಬಂದ್ರೆ ತಪ್ಪು ನಮ್ಮ ಕೈದು ಕಣ್ರೋ, ಮುದುಕರಾಗಿದೀವಿ, ಎಂದು ತನ್ನನ್ನೇ ಬೈದುಕೊಂಡು ನಕ್ಕ, ಅವರೂ ನಕ್ಕರು, ಕೆರ್ತು ಮಾತ್ರ ನಗದೆ ಹಿಲ್ಲೆವಿಯನ್ನೇ ನೋಡುತ್ತಿದ್ದಳು. ಅವನು ತನ್ನ ಕೈಯನ್ನು ಬೈದುಕೊಂಡ. ಇಡೀ ವಸಂತ ಖಾಲಿ ಬಲೆ ಎಳೆದ ಕೈಯನ್ನು, ಅದಕ್ಕೂ ಅವಳೇ ಕಾರಣ, ಅವನಿಗೆ ಗೊತ್ತಿಲ್ಲ, ಕಿವಿಯಿಂದ ಬಿಸಿ ಕುತ್ತಿಗೆಗೆ ಇಳಿಯಿತು, ಏಪ್ರನ್ನಿನ ಅಕ್ಷರಗಳು ಎದೆಗೆ ಸುಟ್ಟು ಬರೆದ ಹಾಗೆ, ಬಿಚ್ಚಿಹಾಕಬೇಕು, ಗಂಟು ಬೆನ್ನ ಹಿಂದೆ, ಕೈಗೆ ಸಿಗುತ್ತಿಲ್ಲ.

ಊಟ ಮುಗಿಯಿತು ಅಂತ ಕಾಣುತ್ತದೆ, ಬಟ್ಟಲುಗಳ ಸದ್ದು ನಿಂತಿದೆ, ಕಾರ್ಯದರ್ಶಿ ಕುರ್ಚಿಯ ಮೇಲೆ ಹತ್ತಿ ಓದುತ್ತಿದ್ದಾನೆ, ಆಕ್ಷೇಪಣೆ ವಾಪಸ್ ತಗೊಳ್ಳೋದಕ್ಕೆ ಒಪ್ಪೋರು ಕೈ ಎತ್ತಿ, ಒಂದು ಕ್ಷಣ ಯಾರೂ ಎತ್ತಲಿಲ್ಲ, ಎಲ್ಲರೂ ಅಧ್ಯಕ್ಷನ ಕಡೆ ನೋಡಿದರು, ಅವಳು ಹಂಡೆಯ ಹಿಂದಿನಿಂದ ಹೊರಬಂದಳು, ಕೈಯಲ್ಲಿನ್ನೂ ಸೌಟು, ತೊಟ್ಟಿಕ್ಕುತ್ತಿದೆ, ಈಗ ಹೇಳಬೇಕು, ಈಗಲ್ಲದಿದ್ದರೆ ಇಲ್ಲ, ಕೆಲಸ ಹೋದರೆ ಹೋಗಲಿ, ಚಿಕ್ಕಪ್ಪಾ ಎಂದು ಕೂಗಿದಳು, ಜೋರಾಗಿಯೇ ಕೂಗಿದಳು, ಇಡೀ ಡೇರೆ ತಿರುಗಿತು, ಲಸ್ಸೆಯೂ, ಚಿಕ್ಕಪ್ಪ ಅವಳನ್ನು ನೋಡಿದ, ತನಗೆ ಧೈರ್ಯ ಹೇಳಲು ಕೂಗಿದಳೆಂದುಕೊಂಡ, ಕಣ್ಣಲ್ಲೇ ನಕ್ಕು ಕೈ ಎತ್ತಿದ, ಬಲೆಯ ದಾರ ಕೊರೆದು ಗೆರೆಗೆರೆಯಾದ ಅಂಗೈ, ಅವಳಿಗೆ ಕಾಣಲೆಂದು ಇನ್ನೂ ಸ್ವಲ್ಪ ಮೇಲೆ, ಅವಳ ಬಾಯಿ ತೆರೆದೇ ಇದೆ, ಮಾತು ಬರಬೇಕು, ಅವನ ಸುತ್ತ ಬೇರೆ ಕೈಗಳು ಏಳುತ್ತಿವೆ, ಆದರೆ ಆ ಕೈ, ಅವಳು ಕಣ್ಣು ಇಳಿಸಿದರೆ ಹುಲ್ಲಿನ ಮೇಲೆ ಆ ಕೈಯ ನೆರಳು, ಕಣ್ಣು ಮುಚ್ಚಿದರೆ ಕತ್ತಲಲ್ಲಿ ಆ ಕೈ, ತೆರೆದರೆ ಮತ್ತೆ ಅದೇ, ಬಿಸಿಲಲ್ಲಿ ಅಗಲವಾಗಿ ಬಿಚ್ಚಿದ ಅಂಗೈ, ಆ ಕೈ —