ಅರ್ಧ ಬಂದ ಮೆಸೇಜು

ಮಹೇಶ್ವರಿಯ ತೋಳಿನ ಬಿ.ಪಿ. ಪಟ್ಟಿಯನ್ನು ಸುಮಾ ಮೂರನೆಯ ಸಲ ಬಿಚ್ಚಿದಳು. ಮೂರೂ ಸಲ ನೂರಾ ಎಂಬತ್ತರ ಮೇಲೆಯೇ ಇತ್ತು. ಎಂಟು ತಿಂಗಳ ಬಸುರಿಯ ಮುಖ ಬಾತುಕೊಂಡಿತ್ತು.

"ತಲಿ ಸೀಳಿದಂಗ ಆಗಾಕತ್ತೇತ್ರಿ ಅಕ್ಕಾರ. ನಿಮ್ಮ ಮಾರಿನೂ ಮಬ್ಬ ಕಾಣ್ತೈತಿ" ಎಂದು ಆಕೆ ಗೋಡೆಯ ಕಡೆ ಹೊರಳಿದಳು.

ಸುಮಾ ಇಳಕಲ್ಲಿನ ನೇಕಾರರ ಮಗಳು. ಈ ಊರಿನ ಉಪಕೇಂದ್ರಕ್ಕೆ ನರ್ಸಾಗಿ ಬಂದು ಆರು ತಿಂಗಳಾಗಿತ್ತು. ಅದು 2009ರ ಮಹಾಪೂರ. ಮಲಪ್ರಭೆ ಉಕ್ಕಿ ಕಮತಗಿಯ ದಾರಿ ಎರಡು ದಿನದಿಂದ ನೀರಿನಡಿ ಇತ್ತು. ಫೋನು ಹತ್ತುತ್ತಿರಲಿಲ್ಲ. "ಹತ್ತದಿದ್ರ ಮೆಸೇಜ್ ಬರೀರಿ, ನಾ ಉತ್ತರಾ ಕೊಡ್ತೇನಿ" ಎಂದು ಹುನಗುಂದದ ಡಾಕ್ಟರಮ್ಮ ನರ್ಸುಗಳಿಗೆಲ್ಲ ತಮ್ಮ ನಂಬರು ಕೊಟ್ಟಿದ್ದರು.

ಸುಮಾ ಮಹೇಶ್ವರಿಯ ಮನೆಯ ಮಾಳಿಗೆ ಹತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕಳಿಸಿದಳು. ಮಳೆಗೆ ಫೋನಿನ ಮೇಲೆ ಸೆರಗು ಮುಚ್ಚಿ ನಿಂತಳು. ಸಿಗ್ನಲ್ಲಿನ ಒಂದೇ ಗೆರೆ ಬರುತ್ತಿತ್ತು, ಹೋಗುತ್ತಿತ್ತು. ಕಾಲು ತಾಸಿನ ಮೇಲೆ ಉತ್ತರ ಬಂತು.

"ಮೆಗ್ನೀಸಿಯಂ ಸೂಜಿ ಹಾಕು. ಎರಡೂ ಕಡೆ ಕುಂಡಿಗೆ ಐದೈದು ಗ್ರಾಂ. ಆದರೆ ಅದಕ್ಕೂ ಮೊದಲು"

ಅಷ್ಟೇ. ಮುಂದಿನದು ಬರಲಿಲ್ಲ.

ಫಿಟ್ಸು ತಡೆಯುವ ಆ ಸೂಜಿಯನ್ನು ಸುಮಾ ಎಂದೂ ಹಾಕಿರಲಿಲ್ಲ. ಹೆಚ್ಚುಕಮ್ಮಿಯಾದರೆ ಉಸಿರೇ ನಿಲ್ಲುತ್ತದೆ ಎಂದು ಬಾಗಲಕೋಟೆಯ ತರಬೇತಿಯಲ್ಲಿ ಹೇಳಿದ್ದರು. ಅದಕ್ಕೂ ಮೊದಲು ಏನು?

"ಲಗೂನ ಬರ್ರಿ, ಇಕಿ ಮೈ ಸೆಟಕೊಂಡಾಳ" ಎಂದು ಕೆಳಗಿಂದ ಮಹೇಶ್ವರಿಯ ಅತ್ತೆ ಗುರುಲಿಂಗವ್ವ ಕೂಗಿದಳು.

ಸುಮಾ ಇಳಿದಾಗ ಮಹೇಶ್ವರಿಯ ಹಲ್ಲು ಕಚ್ಚಿಕೊಂಡಿದ್ದವು, ಮೈಯೆಲ್ಲ ಅದುರುತ್ತಿತ್ತು. ಎಡ ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡಳು. ಫಿಟ್ಸು ನಿಂತಿತು. ಇನ್ನೊಂದು ಬಂದರೆ ತಾಯಿಯೂ ಉಳಿಯುವುದಿಲ್ಲ, ಕೂಸೂ ಉಳಿಯುವುದಿಲ್ಲ.

"ಡಾಕ್ಟರು ಏನ ಬರದಾರ್ರಿ?" ಗುರುಲಿಂಗವ್ವ ಕೇಳಿದಳು.

"ಸೂಜಿ ಹಾಕಂತ ಬರದಾರ್ರಿ." ಸುಮಾ ಉಳಿದದ್ದನ್ನು ಹೇಳಲಿಲ್ಲ.

ತರಬೇತಿಯಲ್ಲಿ ಹೇಳಿದ್ದನ್ನು ನೆನೆಯುತ್ತ, ಗಡಿಯಾರ ನೋಡಿ ಮಹೇಶ್ವರಿಯ ಉಸಿರು ಎಣಿಸಿದಳು: ನಿಮಿಷಕ್ಕೆ ಹದಿನೆಂಟು. ಮೊಣಕಾಲ ಚಿಪ್ಪಿನ ಕೆಳಗೆ ಅಂಗೈ ಅಂಚಿನಿಂದ ಬಡಿದಳು, ಪಾದ ಜಿಗಿಯಿತು. ಮೂತ್ರ ಹೋಗಿದೆಯೇ ಎಂದು ಗುರುಲಿಂಗವ್ವನನ್ನು ಕೇಳಿದಳು. ಮುಂಜಾನೆ ಹೋಗಿತ್ತಂತೆ. ಇದಕ್ಕಿಂತ ಹೆಚ್ಚು ಏನೂ ನೆನಪಾಗಲಿಲ್ಲ. ನೆನಪಾಗದ್ದು ಒಂದಿದ್ದರೆ? ಚೀಲದಿಂದ ಒಂದೊಂದು ಗ್ರಾಮಿನ ಹತ್ತು ಸೀಸೆ ತೆಗೆದು, ಕತ್ತು ಮುರಿದು, ಔಷಧಿ ಎಳೆದು, ಎರಡೂ ಕಡೆ ಸೂಜಿ ಚುಚ್ಚಿದಳು.

ಆಮೇಲೆ ಎಣಿಸುತ್ತ ಕೂತಳು. ಹದಿನೇಳು. ಹದಿನಾರು. ಒಮ್ಮೆ ಹದಿನಾಲ್ಕಾದಾಗ ಮೊದಲಿನಿಂದ ಎಣಿಸತೊಡಗಿದಳು. ಗುರುಲಿಂಗವ್ವ ಸೊಸೆಯ ಪಾದ ಹಿಡಿದು "ಬಸವಾ, ಬಸವಾ" ಎನ್ನುತ್ತಿದ್ದಳು. ಮತ್ತೆ ಹದಿನಾರಾಯಿತು. ಎರಡನೆಯ ಫಿಟ್ಸು ಬರಲಿಲ್ಲ.

ಮಧ್ಯಾಹ್ನ ಪರಿಹಾರದ ದೋಣಿ ಬಂತು. ಮಹೇಶ್ವರಿಯನ್ನು ಅದರಲ್ಲಿ ಮಲಗಿಸಿಕೊಂಡು ಹುನಗುಂದಕ್ಕೆ ಹೊರಟರು. ಕೆಂಪು ನೀರಿನ ನಡುವೆ ಸುಮಾಳ ಫೋನು ಗುಂಯ್‌ಗುಟ್ಟಿತು. "ಉಸಿರು ಎಣಿಸು. ಮೊಣಕಾಲು ಬಡಿದು ನೋಡು. ಮೂತ್ರ ಹೋಗಿದೆಯೋ ಕೇಳು." ನಾಲ್ಕನೆಯದು ಇದೆಯೇನೋ ಎಂದು ಎರಡು ಸಲ ಹುಡುಕಿದಳು. ಇರಲಿಲ್ಲ.

ಅಂದು ಸಂಜೆ ಹುನಗುಂದದ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ತೂಕ ಎರಡು ಕಿಲೋ ಇರಲಿಲ್ಲ, ಆದರೆ ಅತ್ತಿತು. ಮಹೇಶ್ವರಿ ಮೂರನೆಯ ದಿನ ಎದ್ದು ಕೂತಳು.

ತಿಂಗಳ ಮೇಲೆ ಕೂಸಿಗೆ ಲಸಿಕೆ ಹಾಕಲು ಹೋದಾಗ ಸುಮಾ ತಡೆಯಲಾರದೆ ಹೇಳಿದಳು: "ಅವ್ವಾರ, ಅವತ್ತ ಮೆಸೇಜ್ ಅರ್ಧಾನ ಬಂದಿತ್ತರಿ."

ಗುರುಲಿಂಗವ್ವ ಕೂಸಿನ ತಲೆಗೆ ಹಾಕಿದ್ದ ಕುಂಚಿಗೆಯನ್ನು ಸರಿಮಾಡಿದಳು. "ನಿಮ್ಮ ಮಾರಿ ನೋಡೇ ಗೊತ್ತಾಗಿತ್ತರಿ. ಕೆದಕಿ ಕೇಳಿದ್ರ ನಿಮ್ಮ ಕೈ ನಡಗತಿತ್ತು. ಅದಕ್ಕ ಸುಮ್ಮನಿದ್ನಿ."