ಹಣಮಂತ್ರಾಯ ನೀರು ಯಾಕೆ ಕುಡಿಯುತ್ತಿರಲಿಲ್ಲ

ಶಹಾಪುರದ ಹತ್ತಿರ, ಕಾಲುವೆ ನೀರು ಹಾಯುವ ಒಂದು ಊರು. ಆ ಊರಿನ ಹಣಮಂತ್ರಾಯ ಶಹಾಪುರದಲ್ಲಿ ಹಮಾಲಿ ಮಾಡುತ್ತಿದ್ದ. ಹತ್ತಿಯ ಅಂಡಿಗೆ, ಅಂದರೆ ಬಿಗಿದು ಕಟ್ಟಿದ ದೊಡ್ಡ ಮೂಟೆ, ಹೊತ್ತು ಲಾರಿಗೆ ಏರಿಸುವುದು ಅವನ ಕೆಲಸ. ನಲವತ್ತೆರಡನೆಯ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ, ಲಾರಿಯ ಮೇಲಿಂದ ಜಾರಿದ ಅಂಡಿಗೆ ಅವನ ಬೆನ್ನಿನ ಮೇಲೆ ಬಿತ್ತು. ಜೀವ ಉಳಿಯಿತು. ಆದರೆ ಸೊಂಟದ ಕೆಳಗೆ ಶಕ್ತಿಯೂ ಹೋಯಿತು, ಮುಟ್ಟಿದರೆ ತಿಳಿಯುವುದೂ ಹೋಯಿತು. ಮೂತ್ರ ಹೋದದ್ದು ಕೂಡ ಅವನಿಗೆ ಗೊತ್ತಾಗುತ್ತಿರಲಿಲ್ಲ. ವಾಸನೆ ಬಂದ ಮೇಲೆಯೇ ಗೊತ್ತು.

ಅವನ ಹೆಂಡತಿ ಮೋನಮ್ಮ ಬೆಳಕು ಹರಿಯುವ ಮುಂಚೆ ಭತ್ತದ ಗದ್ದೆಗೆ ಕೂಲಿಗೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ತಮ್ಮ ಮರಿಲಿಂಗಪ್ಪ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಹಗಲೆಲ್ಲ ಮನೆಯಲ್ಲಿ ಇರುವವಳು ಮರಿಲಿಂಗಪ್ಪನ ಹೆಂಡತಿ ಅನ್ನಮ್ಮ ಒಬ್ಬಳೇ. ಭಾವನ ಎದುರು ತಲೆಯ ಮೇಲೆ ಸೆರಗು ಎಳೆದುಕೊಂಡೇ ಓಡಾಡುವುದು ಆ ಮನೆಯ ರೂಢಿ. ಮದುವೆಯಾಗಿ ಹನ್ನೊಂದು ವರ್ಷ, ಅನ್ನಮ್ಮ ಹಣಮಂತ್ರಾಯನ ಜೊತೆ ನೇರವಾಗಿ ಮಾತಾಡಿರಲಿಲ್ಲ. ಈಗ ದಿನಕ್ಕೆ ನಾಲ್ಕೈದು ಸಲ ಅವಳೇ ಅವನ ಧೋತರ ಬಿಚ್ಚಿ, ಒರೆಸಿ, ಬೇರೆ ಉಡಿಸಬೇಕು. ಮಂಚ ಇದ್ದದ್ದು ಪಡಸಾಲೆಯಲ್ಲಿ. ಬಾಗಿಲು ತೆರೆದೇ ಇರುತ್ತಿತ್ತು. ಓಣಿಯಲ್ಲಿ ಹೋಗುವವರಿಗೆ ಎಲ್ಲವೂ ಕಾಣುತ್ತಿತ್ತು.

ಎರಡು ವರ್ಷ ಹೀಗೇ ನಡೆಯಿತು.

ಆ ಪಂಚಾಯಿತಿಗೆ ಹೊಸದಾಗಿ ಪುನರ್ವಸತಿ ಕಾರ್ಯಕರ್ತೆಯಾಗಿ ಬಂದವಳು ಹಬೀಬಾ. ಅಂಗವಿಕಲರ ಮನೆಗಳಿಗೆ ಹೋಗಿ ಅವರ ಆರೈಕೆ ನೋಡುವುದು ಅವಳ ಕೆಲಸ. ಪ್ರತಿ ಮಂಗಳವಾರ ಶಹಾಪುರದ ಬಸ್ಸಿಗೆ ಬರುತ್ತಿದ್ದಳು. ಕೆಲಸದಲ್ಲಿ ಚುರುಕು. ಹಣಮಂತ್ರಾಯನ ಸೊಂಟದ ಹತ್ತಿರ ಮಲಗಿ ಮಲಗಿ ಆದ ಹುಣ್ಣು ಇತ್ತು. ಎರಡು ತಾಸಿಗೊಮ್ಮೆ ಮಗ್ಗುಲು ಹೇಗೆ ಬದಲಿಸಬೇಕು, ಹುಣ್ಣನ್ನು ಹೇಗೆ ತೊಳೆಯಬೇಕು ಎಂದು ಅನ್ನಮ್ಮನಿಗೆ ತೋರಿಸಿಕೊಟ್ಟಳು. ಹುಣ್ಣು ಮಾಯತೊಡಗಿತು. ಹಬೀಬಾಗೆ ಸಮಾಧಾನವಾಯಿತು.

ಪ್ರತಿ ಸಲ ಮಂಚದ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ನಿಂತು ಮಾತಾಡುತ್ತಿದ್ದರು.

"ಊಟ ಮಾಡ್ತಾರೇನ್ರಿ?"

"ಮಾಡ್ತಾರ್ರಿ."

"ನೀರು?"

"ಕೊಡ್ತೀನ್ರಿ."

ಹಬೀಬಾ ತನ್ನ ಪುಸ್ತಕದಲ್ಲಿ "ಊಟ, ನೀರು ಸರಿ" ಎಂದು ಬರೆದುಕೊಳ್ಳುತ್ತಿದ್ದಳು. ಮಂಚದ ಮೇಲಿದ್ದ ಹಣಮಂತ್ರಾಯ ಮಾಳಿಗೆಯ ಜಂತಿಯನ್ನು ನೋಡುತ್ತ ಮಲಗಿರುತ್ತಿದ್ದ. ಅವನ ಕಿವಿ ಚೆನ್ನಾಗಿತ್ತು, ಬಾಯಿ ಚೆನ್ನಾಗಿತ್ತು, ಬುದ್ಧಿ ಚೆನ್ನಾಗಿತ್ತು. ಆದರೂ ಮೂರು ತಿಂಗಳಲ್ಲಿ ಹಬೀಬಾ ಅವನನ್ನು ಒಂದು ಮಾತೂ ಕೇಳಲಿಲ್ಲ.

ಆಗಸ್ಟ್ ತಿಂಗಳು. ಕಾಲುವೆಗೆ ನೀರು ಬಿಟ್ಟಿದ್ದರು, ಎಲ್ಲ ಕಡೆ ನಾಟಿ ನಡೆದಿತ್ತು. ಆ ಮಂಗಳವಾರ ಹಬೀಬಾ ಬಂದಾಗ ಹಣಮಂತ್ರಾಯ ನಡುಗುತ್ತಿದ್ದ. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ತುಟಿ ಒಡೆದು ರಕ್ತ ಒಣಗಿತ್ತು. ಅಂದು ಮರಿಲಿಂಗಪ್ಪನೂ ಮನೆಯಲ್ಲಿದ್ದ.

"ಇವ್ರು ನೀರು ಕುಡ್ಯಾಕತ್ತಿಲ್ಲೇನ್ರಿ?" ಎಂದು ಹಬೀಬಾ ಕೇಳಿದಳು.

"ಎಲ್ಲಿ ಕುಡೀತಾನ್ರಿ," ಎಂದ ಮರಿಲಿಂಗಪ್ಪ. "ತಂಬಿಗಿ ಬಾಯಿಗಿಟ್ರ ಹಲ್ಲು ಕಚ್ಚತಾನ. ರೊಟ್ಟಿ ತಿಂದಮ್ಯಾಲ ಎರಡು ಗುಟುಕು, ಅಷ್ಟ. ಹಠಾ ಹಿಡದಾನ್ರಿ. ಸಾಯಬೇಕಂತ ಮಾಡ್ಯಾನ."

"ಎಷ್ಟು ದಿನ ಆತು ಹಿಂಗ?"

"ಬ್ಯಾಸಗಿಯಿಂದ."

"ನನಗ್ಯಾಕ ಹೇಳಲಿಲ್ರಿ?"

"ನೀವು ಕೊಡ್ತೀರೇನು ಅಂತ ಕೇಳತಿದ್ರಿ. ನಾವು ಕೊಡತಿದ್ವಿ."

ಅಂದೇ ಗಾಡಿ ಮಾಡಿಕೊಂಡು ಯಾದಗಿರಿಗೆ ಒಯ್ದರು. ಆಸ್ಪತ್ರೆಯಲ್ಲಿ ಎರಡು ದಿನ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ವಿಷಯ ಹೇಳಿದರು. ಹಣಮಂತ್ರಾಯನ ಮೂತ್ರಚೀಲ ತಾನಾಗಿ ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಮೇಲಿಂದ ನೀರೂ ಕಡಿಮೆ. ಒಳಗೆ ಉಳಿದ ಮೂತ್ರದಲ್ಲಿ ನಂಜಾಗಿ ಅದು ಮೇಲೆ ಕಿಡ್ನಿಗೆ ಏರಿತ್ತು. ಕೆಳಗಿನ ಮೈ ಜೋಮು ಹಿಡಿದಂತೆ ಇದ್ದದ್ದರಿಂದ ಅವನಿಗೆ ನೋವು ತಿಳಿದಿರಲಿಲ್ಲ. ಒಂದು ಕಿಡ್ನಿ ಪೂರ್ತಿ ಹೋಗಿತ್ತು. ಇನ್ನೊಂದಕ್ಕೂ ಪೆಟ್ಟು ಬಿದ್ದಿತ್ತು.

"ಮತ್ತ ಸರಿ ಆಗ್ತದೇನ್ರಿ?" ಎಂದು ಮೋನಮ್ಮ ಕೇಳಿದಳು.

ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು.

ಐದನೆಯ ದಿನ ಜ್ವರ ಇಳಿಯಿತು. ಮೋನಮ್ಮ ಚಹಾ ತರಲು ಹೊರಗೆ ಹೋಗಿದ್ದಳು. ನೋಡಲು ಬಂದಿದ್ದ ಹಬೀಬಾ ಒಂದು ಸ್ಟೂಲು ಎಳೆದುಕೊಂಡು ಹಣಮಂತ್ರಾಯನ ಮುಖದ ಹತ್ತಿರ ಕುಳಿತಳು. ಅವನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಅಣ್ಣಾರ, ಮೂರು ತಿಂಗಳು ನಿಮ್ಮ ಮನಿಗಿ ಬಂದೀನಿ. ನಿಮ್ಮನ್ನ ಒಂದು ಮಾತು ಕೇಳಿಲ್ಲ. ನಂದು ತಪ್ಪಾಗ್ಯಾದ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಹಬೀಬಾ ಅವಸರ ಮಾಡಲಿಲ್ಲ. ಸುಮ್ಮನೆ ಕುಳಿತಳು. ಪಕ್ಕದ ಮಂಚದವರ ಊಟ ಬಂತು, ಅವರು ಉಂಡರು. ಆಮೇಲೆ ಹಣಮಂತ್ರಾಯ ಗೋಡೆ ನೋಡುತ್ತಲೇ ಮಾತಾಡಿದ.

"ನೀರು ಕುಡದ್ರ ಅದು ಹೊರಗ ಬರ್ತದ. ಹೊರಗ ಬಂದ್ರ ಆಕಿ ಬರ್ತಾಳ."

"ಯಾರು?"

"ತಮ್ಮನ ಹೆಂಡ್ತಿ. ಸೆರಗು ಕಣ್ಣಮಟ ಎಳಕೊಂಡು ಬರ್ತಾಳ. ನನ್ನ ಧೋತರಾ ಬಿಚ್ಚತಾಳ. ಓಣ್ಯಾಗಿನ ಮಂದಿ ನೋಡ್ತಾರ. ಕೆಲಸಾ ಮುಗಿಸಿ ಆಕಿ ಹಿತ್ತಲಕ ಹೋಗಿ ಅಳತಾಳ, ನನಗ ಕೇಳಸ್ತದ. ಐದು ಸಲ ಬರೋದು ಎರಡ ಸಲ ಆಗ್ಲಿ ಅಂತ ನೀರು ಬಿಟ್ಟೆ. ಸಾಯಬೇಕಂತ ಅಲ್ರಿ."

ಮೂರು ತಿಂಗಳ ಹಿಂದೆ ಹಬೀಬಾ ಈ ಒಂದು ಮಾತು ಕೇಳಿದ್ದರೆ ಆ ಕಿಡ್ನಿ ಉಳಿಯುತ್ತಿತ್ತೋ ಏನೋ. ಉಳಿಯುತ್ತಿರಲಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

ಮರುದಿನ ಅವಳು ಈ ಮಾತನ್ನು ಅವನ ಒಪ್ಪಿಗೆ ಕೇಳಿಯೇ ಡಾಕ್ಟರಿಗೆ ಹೇಳಿದಳು. ಅಲ್ಲಿಯ ನರ್ಸ್ ಹಣಮಂತ್ರಾಯನ ಕೈಗಳನ್ನು ನೋಡಿದರು. ಇಪ್ಪತ್ತು ವರ್ಷ ಅಂಡಿಗೆ ಹೊತ್ತ ಕೈ. "ಇಂಥ ಕೈ ಇಟ್ಟುಕೊಂಡು ಬೇರೆಯವರಿಂದ ಯಾಕೆ ಮಾಡಿಸಿಕೊಳ್ತೀರಿ?" ಎಂದರು. ಕೈ ಸೋಪಿನಿಂದ ತೊಳೆದು, ತೆಳುವಾದ ಪೈಪಿನಿಂದ ಹೊತ್ತುಹೊತ್ತಿಗೆ ಮೂತ್ರವನ್ನು ತಾನೇ ಹೇಗೆ ಖಾಲಿ ಮಾಡಿಕೊಳ್ಳಬೇಕು ಎಂದು ಕಲಿಸಿದರು. ಹಾಗೆ ಮಾಡಿದರೆ ಧೋತರ ಒದ್ದೆಯಾಗುವುದೂ ತಪ್ಪುತ್ತದೆ ಎಂದರು. ನಾಲ್ಕು ದಿನದಲ್ಲಿ ಅವನಿಗೆ ಬಂತು. ಅದು ಬಂದ ದಿನ ಅವನು ಒಂದು ತಂಬಿಗೆ ನೀರು ತಾನೇ ಬೇಡಿ ಕುಡಿದ.

ಊರಿಗೆ ಮರಳಿದ ಮೇಲೆ ಹಬೀಬಾ ಮನೆಯವರನ್ನೆಲ್ಲ ಮಂಚದ ಸುತ್ತ ಕೂರಿಸಿದಳು. ಅನ್ನಮ್ಮ ಮಾತ್ರ ಒಳಗೇ ನಿಂತಳು. ಮರಿಲಿಂಗಪ್ಪನಿಗೆ ಇದು ಹಿಡಿಸಲಿಲ್ಲ.

"ಅವನ್ನೇನು ಕೇಳೋದ್ರಿ? ಮಲಗಿದ ಮನುಷ್ಯಾ. ಹೊತ್ತಿಗಿ ಸರಿಯಾಗಿ ರೊಟ್ಟಿ ಹಾಕೀವಿ, ಬಟ್ಟಿ ಒಗದೀವಿ. ಎರಡು ವರ್ಷ ಮಾಡೀವಿ. ಈಗ ನಮ್ಮದ ತಪ್ಪು ಅಂತೀರೇನು?"

"ನೀವು ಮಾಡಿದ್ದು ಸುಳ್ಳಲ್ರಿ," ಎಂದಳು ಹಬೀಬಾ. "ತಪ್ಪು ನನ್ನದೂ ಅದ. ಮಾಡಿದ್ದೆಲ್ಲಾ ಅವರಿಗೆ ಹೆಂಗ ಅನಸ್ತದ ಅಂತ ನಾವ್ಯಾರೂ ಕೇಳಿಲ್ಲ, ಅಷ್ಟ. ನಾಳಿ ನಿಮಗ ಹಿಂಗಾದ್ರ, ನಿಮ್ಮ ಧೋತರಾ ಯಾರು ಬಿಚ್ಚಬೇಕಂತ ನಿಮ್ಮನ್ನ ಕೇಳಬೇಕೋ ಬ್ಯಾಡೋ?"

ಒಳಗಿನ ಬಾಗಿಲ ಮರೆಯಿಂದ ಅನ್ನಮ್ಮನ ದನಿ ಬಂತು.

"ನಾ ಕಣ್ಣು ಮುಚ್ಚಿ ಮಾಡ್ತಿದ್ದೆರಿ. ನನಗ ಒಲ್ಲೆ ಅನ್ನಾಕ ಬರ್ತಿರಲಿಲ್ಲ. ಯಾರೂ ನನ್ನನ್ನೂ ಕೇಳಲಿಲ್ಲ."

ಗಂಡನಿಗೆ ಅವಳು ಆ ಮಾತು ಹಿಂದೆಂದೂ ಹೇಳಿರಲಿಲ್ಲ.

ಹಬೀಬಾ ಒಂದು ಉಪಾಯ ಹೇಳಿದಳು: ಮಂಚವನ್ನು ಹಿಂದಿನ ಕೋಣೆಗೆ ಒಯ್ದರೆ ಯಾರೂ ನೋಡುವುದಿಲ್ಲ. ಎಲ್ಲರೂ ತಲೆ ಆಡಿಸಿದರು. ಹಣಮಂತ್ರಾಯ ಮಾತ್ರ ಒಪ್ಪಲಿಲ್ಲ.

"ಆ ಕೋಣ್ಯಾಗ ಕಿಡಕಿ ಇಲ್ಲ. ಇಲ್ಲಿದ್ರ ಹೋಗಬರೋರು ಕಾಣಸ್ತಾರ, ಒಂದೆರಡು ಮಾತಾಡ್ತಾರ. ಮೈ ತೊಳಿಯೋ ಹೊತ್ತಿಗಿ ಬಾಗಲಾ ಹಾಕ್ರಿ, ಸಾಕು."

ಹಬೀಬಾ ತನ್ನ ಮಾತನ್ನು ಹಿಂದೆ ತೆಗೆದುಕೊಂಡಳು. ಕೇಳುವುದನ್ನು ಕಲಿತೆ ಎಂದುಕೊಂಡವಳು ಮತ್ತೆ ಅವನ ಪರವಾಗಿ ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು.

ಅಂದು ಹಣಮಂತ್ರಾಯ ಹೇಳಿದಂತೆಯೇ ಗೊತ್ತು ಮಾಡಿದರು. ಅಣ್ಣ ಹಿಡಿದು ಏಳಲು, ಮಗ್ಗುಲು ಬದಲಿಸಲು ಮಂಚದ ಮೇಲಿನ ಜಂತಿಗೆ ಮರಿಲಿಂಗಪ್ಪ ಒಂದು ಗಟ್ಟಿ ಹಗ್ಗ ಕಟ್ಟಿದ. ಮುಂದಿನ ಮೈಯನ್ನು ಹಣಮಂತ್ರಾಯ ತಾನೇ ತೊಳೆದುಕೊಳ್ಳಬೇಕು. ಬೆನ್ನು ತಿಕ್ಕಲು, ಹುಣ್ಣು ನೋಡಲು ಬೆಳಿಗ್ಗೆ ತಮ್ಮ, ಸಂಜೆ ಹೆಂಡತಿ. ಅನ್ನಮ್ಮ ಊಟ ಕೊಡಬೇಕು, ಬೇರೆ ಏನೂ ಅಲ್ಲ.

ಹಗ್ಗ ಕಟ್ಟಿದ ಮೇಲೆ ಹಣಮಂತ್ರಾಯ ಅದನ್ನು ಹಿಡಿದು ಜಗ್ಗಿ ಎದ್ದು ಕುಳಿತ. ಎರಡು ವರ್ಷದಲ್ಲಿ ಯಾರ ಕೈಯೂ ಇಲ್ಲದೆ ಅವನು ಕುಳಿತದ್ದು ಅದೇ ಮೊದಲು. ಮರಿಲಿಂಗಪ್ಪ ನೋಡುತ್ತ ನಿಂತ.

"ಇಷ್ಟು ಆಗ್ತದಂತ ಮೊದಲ ಯಾಕ ಹೇಳಲಿಲ್ಲಣ್ಣ?"

"ಹೇಳಿದ್ದೆ. ಸುಮ್ಮನ ಮಲಕೊ ಅಂದಿ."

ಮರಿಲಿಂಗಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ.

ಇಲ್ಲಿಗೆ ಎಲ್ಲವೂ ಸರಿಹೋಯಿತು ಎಂದು ಹೇಳಬಹುದಾಗಿದ್ದರೆ ಚೆನ್ನಾಗಿತ್ತು. ಹಾಗಾಗಲಿಲ್ಲ. ಏಳು ತಿಂಗಳು ಹಣಮಂತ್ರಾಯ ಚೆನ್ನಾಗಿ ಇದ್ದ. ಹುಣ್ಣು ಪೂರ್ತಿ ಮಾಯಿತು. ಓಣಿಯವರು ಬಂದು ಮಂಚದ ಅಂಚಿಗೆ ಕುಳಿತು ಮಾತಾಡಿ ಹೋಗುತ್ತಿದ್ದರು. ಮಾರ್ಚಿನಲ್ಲಿ ಅವನ ಮುಖ ಊದಿಕೊಂಡಿತು, ಊಟ ಸೇರದಾಯಿತು. ಉಳಿದ ಕಿಡ್ನಿಯೂ ಸೋಲುತ್ತಿತ್ತು.

ಮತ್ತೆ ಯಾದಗಿರಿ. ರಕ್ತಪರೀಕ್ಷೆಯ ಚೀಟಿ ಹಿಡಿದು ಡಾಕ್ಟರು ಬಂದರು. ಗಾಲಿಕುರ್ಚಿಯಲ್ಲಿ ಕುಳಿತ ಹಣಮಂತ್ರಾಯನನ್ನು ದಾಟಿ, ಹಿಂದೆ ನಿಂತಿದ್ದ ಮರಿಲಿಂಗಪ್ಪನಿಗೆ ಹೇಳಲು ಶುರು ಮಾಡಿದರು. "ನೋಡಿ, ನಿಮ್ಮ ಪೇಷಂಟಿಗೆ..."

ಮರಿಲಿಂಗಪ್ಪ ಅವರನ್ನು ತಡೆದ.

"ಸಾಹೇಬ್ರ, ನನಗಲ್ಲ. ಅವಂಗ ಹೇಳ್ರಿ. ಮೈ ಅವಂದು."

ಡಾಕ್ಟರು ಒಂದು ಕುರ್ಚಿ ತರಿಸಿಕೊಂಡು ಹಣಮಂತ್ರಾಯನ ಎದುರು ಕುಳಿತರು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಬೇಕು, ಅದು ಜೀವ ಇರುವವರೆಗೂ ನಡೆಯುವಂಥದ್ದು ಎಂದು ಅವನಿಗೇ ತಿಳಿಯುವಂತೆ ಹೇಳಿದರು. ಅವನು ಪೂರ್ತಿ ಕೇಳಿದ. ಎಷ್ಟು ವರ್ಷ ನಡೆಯಬಹುದು ಎಂದು ಕೇಳಿದ. ಅದನ್ನೂ ಅವರು ಮುಚ್ಚಿಡದೆ ಹೇಳಿದರು. ಮೋನಮ್ಮ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

"ಸೋಮವಾರ, ಗುರುವಾರ ಬರ್ತೀನ್ರಿ," ಎಂದ ಹಣಮಂತ್ರಾಯ. "ಆ ದಿನಾ ತಮ್ಮಗ ಟ್ರ್ಯಾಕ್ಟರ್ ಕೆಲಸ ಕಡಿಮಿ."

ಈಗ ಅವನು ವಾರಕ್ಕೆ ಎರಡು ಸಲ ಯಾದಗಿರಿಗೆ ಹೋಗಿ ಬರುತ್ತಾನೆ. ಬಂದ ದಿನ ಮಾತಾಡಲೂ ಶಕ್ತಿ ಇರುವುದಿಲ್ಲ. ಹಬೀಬಾ ಇಂದಿಗೂ ಮಂಗಳವಾರ ಬರುತ್ತಾಳೆ. ಮೊದಲು ಅವನ ಹತ್ತಿರ ಕೂತು ಅವನನ್ನು ಮಾತಾಡಿಸುತ್ತಾಳೆ. ಪುಸ್ತಕ ತೆರೆಯುವುದು ಆಮೇಲೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಮಂಚ ಹಿಡಿದವರು ಒಬ್ಬರಾದರೂ ಇರಬಹುದು. ನೀವು ಆರೈಕೆಯ ಕೆಲಸ ಮಾಡುವವರೇ ಆಗಿರಬಹುದು. ಅವರ ತಲೆಯ ಮೇಲಿಂದ ಮಾತಾಡಬೇಡಿ. ಮುಖದ ಹತ್ತಿರ ಕುಳಿತು ಅವರನ್ನೇ ಕೇಳಿ: ಯಾರು ಮುಟ್ಟಿದರೆ ನಿಮಗೆ ಸರಿ, ಯಾವ ಹೊತ್ತಿಗೆ, ಎಲ್ಲಿ? ಯಾವ ಕೆಲಸ ನೀವೇ ಮಾಡಿಕೊಳ್ಳುತ್ತೀರಿ? ಕೈಲಾಗುವುದನ್ನು ಅವರಿಗೇ ಬಿಡಿ. ಬಾಗಿಲು ಹಾಕಿ ಮೈ ತೊಳೆಯಿರಿ. ಊಟ ಬಿಟ್ಟರೆ, ನೀರು ಬಿಟ್ಟರೆ ಹಠ ಎಂದು ಬೈಯಬೇಡಿ. ಕಾರಣ ಕೇಳಿ, ಅಂದೇ ಡಾಕ್ಟರಿಗೆ ತೋರಿಸಿ. ಆರೈಕೆ ಮಾಡುವ ಹೆಣ್ಣುಮಗಳನ್ನೂ ಕೇಳಿ, ಅವಳಿಗೂ ಹೇಳಲಾಗದ್ದು ಇರುತ್ತದೆ. ದಾರಿ ತಿಳಿಯದಿದ್ದರೆ ನಿಮ್ಮ ಪಂಚಾಯಿತಿಗೆ ಹೋಗಿ ಪುನರ್ವಸತಿ ಕಾರ್ಯಕರ್ತರನ್ನು ಕರೆಯಿರಿ.

ಅವರು ಮೊದಲ ದಿನ ಉತ್ತರ ಕೊಡದೆ ಇರಬಹುದು. ಎದ್ದು ಹೋಗಬೇಡಿ. ಸ್ವಲ್ಪ ಹೊತ್ತು ಕುಳಿತಿರಿ.