ಬಾಗಿದ ಮುದ್ರೆ

ಮಾಸುಮಿ ಟಿವಿ ಧಾರಾವಾಹಿಯ ಹೆಂಗಸು, ಹುಟ್ಟಿದ್ದು ನೆಗಿಶಿ ಚಿಹಾರುವಿನ ತಲೆಯಲ್ಲಿ. ಗುರುವಾರ ಬಂತೆಂದರೆ ಟೋಕಿಯೊದ ಅದೆಷ್ಟೋ ಆಫೀಸು ಹೆಂಗಸರು ಅವಳಿಗಾಗಿ ಬೇಗ ಮನೆ ಸೇರುತ್ತಿದ್ದರು. ಕಂಪನಿಯೊಂದರಲ್ಲಿ ಗಂಡಸರಿಗೆ ಚಹಾ ಕೊಟ್ಟು ಕೊಟ್ಟು ಬೇಸತ್ತ ಮಾಸುಮಿ ಕೊನೆಯ ಕಂತಿನಲ್ಲಿ ಅಲ್ಲಿಯದೇ ಒಂದು ವಿಭಾಗಕ್ಕೆ ಮುಖ್ಯಸ್ಥೆಯಾಗಬೇಕಿತ್ತು. ಅವಳನ್ನು ಬರೆದ ಚಿಹಾರು ಮಾತ್ರ ಚಾನೆಲ್ಲಿನಲ್ಲಿ ಹತ್ತೊಂಬತ್ತು ವರ್ಷ ಸಹಾಯಕಿಯಾಗಿಯೇ ಸವೆದಿದ್ದಳು. ಈ ವಸಂತದಲ್ಲಾದರೂ ನಿರ್ಮಾಪಕಿಯ ಕುರ್ಚಿ ಸಿಗಬೇಕು ಅನ್ನುವುದೊಂದೇ ಆಸೆ.

ಚಾನೆಲ್ಲಿನ ಧಾರಾವಾಹಿ ವಿಭಾಗದ ಯಜಮಾನ ಓಹಾತಾ ಚಿಹಾರುವನ್ನು ಕರೆದು ಕೂರಿಸಿದ.

"ನೋಡಮ್ಮ, ಜಾಹೀರಾತು ಕೊಡೋರು ಮುಖ ಸಿಂಡರಿಸ್ತಿದ್ದಾರೆ. ಮಾಸುಮಿ ಆ ಕುರ್ಚಿ ಬೇಡ ಅನ್ಲಿ. ಗಂಡನಿಗೆ ದೂರದ ಫುಕುವೊಕಾಗೆ ವರ್ಗ ಆಯ್ತು, ಹಿಂದೇನೇ ಹೋದ್ಲು ಅಂತ ಮುಗಿಸೋಣ. ನೋಡೋರಿಗೂ ಸಮಾಧಾನ."

"ಯಾರಿಗೆ ಸಾರ್ ಸಮಾಧಾನ? ಹತ್ತು ಕಂತು ಅವಳು ಬಡಿದಾಡಿದ್ದು ಗಂಡನ ಪೆಟ್ಟಿಗೆ ಕಟ್ಟೋಕಾ?"

"ಬರೆದೋಳೇ ಒಪ್ಪಿದ್ರೆ ಬೇರೆಯೋರು ಬಾಯಿ ಬಿಡಲ್ಲ. ಶುಕ್ರವಾರ ಬಡ್ತಿ ಪಟ್ಟಿ ಬರುತ್ತೆ. ಅದ್ರಲ್ಲಿ ಯಾರ ಹೆಸರು ಹಾಕ್ಬೇಕು ಅನ್ನೋದು ನನ್ನ ಕೈಲೇ ಇದೆ."

ಚಿಹಾರು ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಇಲ್ಲ ಅಂದರೆ ಕುರ್ಚಿ ಹೋಯಿತು, ಹ್ಞೂಂ ಅಂದರೆ ಮಾಸುಮಿ ಹೋದಳು. ತಾನು ಮೇಲೆ ಹೋದರೆ ಮುಂದೆ ಇಂಥ ಹತ್ತು ಮಾಸುಮಿಯರನ್ನು ಗೆಲ್ಲಿಸಬಹುದಲ್ಲ ಎಂದು ಮನಸ್ಸಿಗೊಂದು ಸಬೂಬು ಹೇಳಿಕೊಂಡು ಒಪ್ಪಿದಳು. ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಮರುದಿನ ಬೆಳಿಗ್ಗೆ ಬದಲಾದ ಕೊನೆಯ ಕಂತಿನ ಒಪ್ಪಿಗೆ ಪತ್ರ ಮೇಜಿನಿಂದ ಮೇಜಿಗೆ ಬಂತು. ಸಾಲಾಗಿ ಚೌಕಗಳು, ಎಡತುದಿಯದು ಓಹಾತಾನದು. ಕೈಕೆಳಗಿನವರೆಲ್ಲ ಸಹಿಯ ಬದಲು ಒತ್ತುವ ತಂತಮ್ಮ ಹೆಸರಿನ ಮುದ್ರೆಯನ್ನು ತುಸು ಎಡಕ್ಕೆ ಓರೆಯಾಗಿಸಿ ಒತ್ತಬೇಕು, ಯಜಮಾನನಿಗೆ ತಲೆಬಾಗಿದಂತೆ ಕಾಣಬೇಕು. ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ತಪ್ಪಿದವರನ್ನು ಯಾರೂ ಮರೆಯುವುದಿಲ್ಲ. ಇಷ್ಟು ವರ್ಷ ತಪ್ಪದ ಚಿಹಾರುವಿನ ಕೈ ಅಂದು ಅದೇಕೋ ಮುದ್ರೆಯನ್ನು ನೆಟ್ಟಗೆ ಒತ್ತಿಬಿಟ್ಟಿತು.

ಪಕ್ಕದ ಮೇಜಿನ ಕುಸುನೋಕಿ ಇಣುಕಿದ. ಅವಳ ಕೈಯಲ್ಲೇ ಕೆಲಸ ಕಲಿತ ಹುಡುಗಮುಖದ ಗಂಡಸು.

"ಏನ್ ಮೇಡಂ, ನಿಮ್ಮ ಮುದ್ರೆಗೆ ಸೊಂಟ ಹಿಡ್ಕೊಂಡಿದ್ಯಾ?"

ಎಲ್ಲರೂ ನಕ್ಕರು. ಓಹಾತಾ ಮಾತ್ರ ನಗಲಿಲ್ಲ. ಹಾಳೆಯನ್ನು ತುಂಬ ಹೊತ್ತು ನೋಡಿ, "ಇನ್ನೊಂದು ಪ್ರತಿ ತೆಗೆಸು" ಅಂದ. ಹೊಸ ಹಾಳೆಯಲ್ಲಿ ಚಿಹಾರು ತನ್ನ ಮುದ್ರೆಯನ್ನು ಕುಸುನೋಕಿಯದಕ್ಕಿಂತ ಹೆಚ್ಚೇ ಬಾಗಿಸಿದಳು.

ಶುಕ್ರವಾರದ ಪಟ್ಟಿಯಲ್ಲಿ ನಿರ್ಮಾಪಕನ ಹೆಸರು ಕುಸುನೋಕಿ.

"ಸಾರ್," ಓಹಾತಾನ ಮುಂದೆ ನಿಂತು ಚಿಹಾರು ಕೇಳಿದಳು, "ನೀವು ಹೇಳಿದ್ದೆಲ್ಲಾ ಮಾಡಿದ್ನಲ್ಲ?"

"ಮಾಡಿದ್ಯಮ್ಮ, ಅದಕ್ಕೇ." ಅವನ ದನಿಯಲ್ಲಿ ನಿಜವಾಗಿಯೂ ಅಕ್ಕರೆಯಿತ್ತು. "ಮೊದಲ್ನೇ ಸಲ ನೆಟ್ಟಗೆ ಒತ್ತಿದ್ಯಲ್ಲ, ಎಲ್ಲಿ ಕೆಲಸ ಬಿಟ್ಟು ಹೋಗ್ತಾಳೋ ಅಂತ ಹೆದರಿ ನಿನ್ನ ಹೆಸರನ್ನೇ ಬರೆದಿದ್ದೆ. ಎರಡನೇ ಸಲ ಒತ್ತಿದ್ದು ನೋಡಿದ್ಮೇಲೆ ನಿನ್ನ ಚಿಂತೆ ಬಿಡ್ತು. ಕುಸುನೋಕಿ ಆದ್ರೆ ಹಾಗಲ್ಲ, ಕೊಡದಿದ್ರೆ ಹೋಗೇಬಿಡ್ತಾನೆ. ಪಾಪ, ಹೊಸಬ. ನೀನೇ ಸ್ವಲ್ಪ ಕಲ್ಸು."

"ಆಗ್ಲಿ ಸಾರ್" ಅಂದಿತು ಚಿಹಾರುವಿನ ಬಾಯಿ, ಅವಳನ್ನು ಕೇಳದೆಯೇ.